ಗ್ಯಾಲರಿಯ ಬೀಗದ ಕೈ ರಜೆಯ ಮೇಲಿದೆ

ವಿಶ್ವವಿದ್ಯಾಲಯಕ್ಕೆ ಸಂದರ್ಶಕ ಕಲಾವಿದರನ್ನು ಕರೆಸಲು ಪ್ರಶಸ್ತ ಕಾಲ ಮಾರ್ಚ್ ಕೊನೆಯ ವಾರ. ಕಲೆಗೂ ಆ ವಾರಕ್ಕೂ ಏನು ನಂಟು ಅನ್ನಬೇಡಿ. 31ರೊಳಗೆ ಖರ್ಚಾಗದ ಅನುದಾನ ವಾಪಸ್ ಹೋಗುತ್ತದೆ, ಅಷ್ಟೇ ನಂಟು. ಚಿತ್ರಕಲೆಯ ಹುಡುಗರು ಇಂಟರ್ನಲ್ಸ್ ಬರೆಯುತ್ತಿದ್ದರೆ ಚಿಂತೆಯಿಲ್ಲ; ಪಕ್ಕದ ಬಿಕಾಂ ಕ್ಲಾಸನ್ನು ಎಬ್ಬಿಸಿಕೊಂಡು ಬಂದರೆ ಕುರ್ಚಿ ತುಂಬುತ್ತವೆ.

ಮೊದಲು ಗ್ಯಾಲರಿಯ ಬೀಗದ ಕೈ ಹುಡುಕಬೇಕು. ಅದು ಅಟೆಂಡರ್ ಜೊತೆ ರಜೆಯ ಮೇಲೆ ಹೋಗಿರುತ್ತದೆ. ಹೇಗೋ ಬಾಗಿಲು ತೆಗೆದರೆ ಒಳಗೆ ಘಟಿಕೋತ್ಸವದ ಕುರ್ಚಿಗಳು, ಉತ್ತರ ಪತ್ರಿಕೆಯ ಮೂಟೆಗಳು, ಗೋಡೆಯ ಮೇಲೆ ಹಿಂದೆ ಬಂದುಹೋದವರ ಜಲವರ್ಣಗಳು. ಕಾಗದದ ಮೇಲಿನ ಚಿತ್ರಕ್ಕೆ 50 ಲಕ್ಸ್, ಅಂದರೆ ಮಂದ ಬೆಳಕು, ಸಾಕು ಎನ್ನುವುದು ಮ್ಯೂಸಿಯಂನವರ ಲೆಕ್ಕ. ಇಲ್ಲಿ ಪಶ್ಚಿಮಕ್ಕೆ ಎಂಟಡಿ ಕಿಟಕಿ, ಪರದೆ ಇಲ್ಲ. ಬಿಸಿಲಿಗೆ ಅಲಿಜರಿನ್ ಕೆಂಪು ಮೊದಲು ಮಾಸುವುದರಿಂದ ಹಂಪಿಯ ಸೂರ್ಯಾಸ್ತ ಈಗ ಹಂಪಿಯ ಮಟಮಟ ಮಧ್ಯಾಹ್ನವಾಗಿದೆ. ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟು ಕೊಡಬೇಕಿತ್ತು, ಅದಕ್ಕೆ ಮೂರು ಕೊಟೇಶನ್ ಬಂದಿರಲಿಲ್ಲ. ಹಾಗಾಗಿ ಮಳೆಗಾಲದ ತೇವಕ್ಕೆ ಕಾಗದ ಗಾಜಿಗೆ ಅಂಟಿ ಬೂಷ್ಟು ಹಿಡಿಯಿತು. ತಪಾಸಣೆಗೆ ಬಂದವರಿಗೆ ಅದು ಮೋಡ ಎಂದು ವಿವರಿಸಲಾಗಿದೆ.

ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂ.ಮೀ. ಎತ್ತರಕ್ಕೆ, ಅಂದರೆ ನಿಂತವರ ಕಣ್ಣಿಗೆ ನೇರವಾಗಿ ಬರಬೇಕು. ಆ ಎತ್ತರದಲ್ಲಿ ಮಾಜಿ ಕುಲಪತಿಗಳ ಫೋಟೋಗಳಿವೆ. ಕಲೆ ಅದರ ಮೇಲೆ, ಫ್ಯಾನಿನ ಪಕ್ಕ.

ಕಲಾವಿದರು ಕ್ಯಾಂಪಸ್ಸಿನಲ್ಲೇ ಇದ್ದು ಕಲಿಸಲಿ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರಲ್ಲಿ ಮಾರ್ಗಸೂಚಿ ಹೊರಡಿಸಿತು. ಇರುವುದು ಎಲ್ಲಿ? ಗೆಸ್ಟ್ ಹೌಸ್‌ನಲ್ಲಿ ಪರೀಕ್ಷಾ ವಿಚಕ್ಷಣ ದಳ ತಂಗಿದೆ. ಹೀಗಾಗಿ ಎಲ್ಲವೂ ಒಂದೇ ಬೆಳಿಗ್ಗೆ ಮುಗಿಯಬೇಕು. 11ಕ್ಕೆ ನಾಡಗೀತೆ, ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಗಿಡಕ್ಕೆ ನೀರು, ಶಾಲು, ಪೇಟ, ಹಣ್ಣಿನ ಬುಟ್ಟಿ, ಅಧ್ಯಕ್ಷರ ನುಡಿ. ಕಲಾವಿದರ ಕೈಗೆ ಕುಂಚ ಬರುವ ಹೊತ್ತಿಗೆ 12.40. ಊಟ 1ಕ್ಕೆ. ಎಣ್ಣೆಬಣ್ಣದ ಮೊದಲ ಪದರ ಒಣಗಲಿಕ್ಕೇ ದಿನಗಟ್ಟಲೆ ಬೇಕು ಅಂದರೆ, ‘ಫ್ಯಾನ್ ಜೋರು ಮಾಡಿಸ್ತೀವಿ ಸರ್’ ಎಂಬ ಉತ್ತರ. ಎಣ್ಣೆ ನೀರಿನಂತೆ ಆರುವುದಿಲ್ಲ, ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಇದನ್ನು ಹೇಳಿಕೊಡುವುದಕ್ಕೇ ಅಲ್ಲವೇ ಅವರನ್ನು ಕರೆಸಿದ್ದು? ಆದರೆ ಅಷ್ಟರಲ್ಲಿ ವಂದನಾರ್ಪಣೆ ಶುರುವಾಗಿರುತ್ತದೆ.

ವಿದ್ಯಾರ್ಥಿಗೆ ಕುಂಚ ಸಿಗದಿದ್ದರೂ ನಡೆಯುತ್ತದೆ. ತೆಗೆದ ಜಾಗ ನಮೂದಾದ ಜಿಯೋ ಟ್ಯಾಗ್ ಫೋಟೋ ಸಿಗದಿದ್ದರೆ ಮಾತ್ರ, ವಿಶ್ವವಿದ್ಯಾಲಯಗಳಿಗೆ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆಯ ಫೈಲಿನ ಮಟ್ಟಿಗೆ ಕಾರ್ಯಕ್ರಮ ನಡೆದೇ ಇಲ್ಲ. ಅಕ್ಷಾಂಶ, ರೇಖಾಂಶ ಆರು ದಶಮಾಂಶದವರೆಗೂ ಸರಿಯಾಗಿ ಮೂಡಿರುತ್ತವೆ. ಅದೇ ಫೋಟೋದ ಬ್ಯಾನರಿನಲ್ಲಿ ಕಲಾವಿದರ ಹೆಸರು ತಪ್ಪಾಗಿರುತ್ತದೆ.

1920ರ ದಶಕದ ಆರಂಭದಲ್ಲಿ ರವೀಂದ್ರನಾಥ ಠಾಕೂರರು ಕಲಾ ಇತಿಹಾಸದ ಪಾಠಕ್ಕೆಂದು ಆಸ್ಟ್ರಿಯಾದ ವಿದುಷಿ ಸ್ಟೆಲ್ಲಾ ಕ್ರಾಮ್ರಿಶ್ ಅವರನ್ನು ಶಾಂತಿನಿಕೇತನಕ್ಕೆ ಕರೆಸಿಕೊಂಡರು. ಪ್ಯಾನ್ ಕಾರ್ಡ್ ಇಲ್ಲದೆ ಬಿಲ್ ಹೇಗೆ ಪಾಸಾಯಿತೋ! ಅಲ್ಲಿಯೇ ಶಿಲ್ಪಿ ರಾಮಕಿಂಕರ ಬೈಜ್ 1938ರಲ್ಲಿ ‘ಸಂತಾಲ ಕುಟುಂಬ’ ಶಿಲ್ಪವನ್ನು ಸಿಮೆಂಟು, ಜಲ್ಲಿಯಲ್ಲಿ ಬಯಲಿನಲ್ಲೇ ಕಟ್ಟಿ ನಿಲ್ಲಿಸಿದರು. ಅಟೆಂಡರ್ ರಜೆಯ ವಿಚಾರ ಅವರಿಗೆ ಮೊದಲೇ ತಿಳಿದಿತ್ತೆಂದು ಕಾಣುತ್ತದೆ.

ಈಗಿನವರು ಗೌರವಧನಕ್ಕೆ ಪ್ಯಾನ್ ಪ್ರತಿ, ಪಾಸ್‌ಬುಕ್ ಪ್ರತಿ ಕೊಟ್ಟು, ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪಿನ ಮೇಲೆ ‘ಹಣ ಸ್ವೀಕರಿಸಿದ್ದೇನೆ’ ಎಂದು ಮೊದಲೇ ಸಹಿ ಹಾಕಿ ಹೋಗುತ್ತಾರೆ. ಹಣ ಯಾವಾಗ ಬರುತ್ತದೆ ಎಂದು ಕೇಳುವುದು ಅಗೌರವ.

ಬಂದವರು ಮುದ್ರಣ ಕಲೆಯವರಾದರೆ ಫಜೀತಿ ಹೆಚ್ಚು. ಎಚಿಂಗಿನ (ಲೋಹದ ತಗಡಿನಿಂದ ಅಚ್ಚೊತ್ತಿದ ಚಿತ್ರ) ಕೆಳಗೆ ಪೆನ್ಸಿಲಿನಲ್ಲಿ 3/10 ಎಂದಿದ್ದರೆ ಹತ್ತು ಪ್ರತಿಗಳಲ್ಲಿ ಅದು ಮೂರನೆಯದು. ಬಾಳಿಕೆಯ ಸಾಮಾನು ಬರೆದಿಡುವ ಡೆಡ್ ಸ್ಟಾಕ್ ರಿಜಿಸ್ಟರಿಗೆ ಏರಿದ ಮೇಲೆ ಆಡಿಟ್ ಆಕ್ಷೇಪಣೆ ಬರುತ್ತದೆ: ‘ಹತ್ತರಲ್ಲಿ ಮೂರು ಸರಬರಾಜಾಗಿದೆ. ಬಾಕಿ ಏಳು ಎಲ್ಲಿ?’ ಇನ್ನೊಂದರ ಮೇಲೆ ‘ಎ.ಪಿ.’ ಎಂದಿತ್ತು, ‘ಆರ್ಟಿಸ್ಟ್ಸ್ ಪ್ರೂಫ್’, ಅಂದರೆ ಕಲಾವಿದರು ತಮಗೆಂದು ತೆಗೆದಿಟ್ಟುಕೊಳ್ಳುವ ಪ್ರತಿಯ ಗುರುತು. ಅದಕ್ಕೂ ಟಿಪ್ಪಣಿ ಬಂತು: ‘ಆಂಧ್ರಪ್ರದೇಶದಿಂದ ಖರೀದಿಸಿದ್ದಕ್ಕೆ ಐಜಿಎಸ್‌ಟಿ ಬಿಲ್ ಲಗತ್ತಿಸಿಲ್ಲ.’