ಮೂರು ಡಾಲರಿನ ಮೃಷ್ಟಾನ್ನ

ಒಂದು ತುಂಡು ಕೋಳಿ, ಒಂದು ತುಂಡು ಬ್ರೊಕೊಲಿ, ಮೆಕ್ಕೆಜೋಳದ ಒಂದು ರೊಟ್ಟಿ, ಮತ್ತೆ ಇನ್ನೊಂದು ಏನೋ. ಅಮೆರಿಕದ ಕೃಷಿ ಸಚಿವೆ ಬ್ರೂಕ್ ರೋಲಿನ್ಸ್ ಅವರು 2026ರ ಜನವರಿಯಲ್ಲಿ ಟೆಲಿವಿಷನ್ ಪರದೆಯ ಮೇಲೆ ಬಡಿಸಿದ ಈ ಊಟವನ್ನು ಓದುಗರು ಈಗಾಗಲೇ ಕಣ್ಣಿನಿಂದಲೇ ಉಂಡು ಮುಗಿಸಿರುತ್ತೀರಿ. ಸರ್ಕಾರದ ಹೊಸ ಆಹಾರ ಮಾರ್ಗಸೂಚಿಯಂತೆ ಉಣ್ಣಹೊರಟರೆ ಜನಸಾಮಾನ್ಯರ ಜೇಬು ಹರಿಯುವುದಿಲ್ಲವೇ ಎಂಬ ಪ್ರಶ್ನೆ ಎದುರಾದಾಗ, ತಮ್ಮ ಇಲಾಖೆ ಸಾವಿರಕ್ಕೂ ಹೆಚ್ಚು ಸಿಮ್ಯುಲೇಶನ್‌ಗಳನ್ನು, ಅಂದರೆ ಕಂಪ್ಯೂಟರಿನ ಅಣಕು ಲೆಕ್ಕಗಳನ್ನು, ನಡೆಸಿ ನೋಡಿದೆಯೆಂದೂ, ಒಂದು ಹೊತ್ತಿನ ಊಟ ಸುಮಾರು ಮೂರು ಡಾಲರಿಗೆ ಆಗಿಹೋಗುತ್ತದೆಯೆಂದೂ ಅವರು ಅಭಯವಿತ್ತರು.

ಅಭಯಕ್ಕೆ ನಮಸ್ಕಾರ. ಆದರೆ ಕಂಪ್ಯೂಟರೊಂದು ಸಾವಿರ ಸಲ ಉಂಡು ತೇಗಿದ ಮೇಲೂ ತಟ್ಟೆಯ ನಾಲ್ಕನೆಯ ಪದಾರ್ಥ ಯಾವುದೆಂದು ಸಚಿವೆಗೆ ಹೇಳಲಾಗದೆ ಹೋದದ್ದು ನನ್ನ ಕುತೂಹಲವನ್ನು ಕೆರಳಿಸಿದೆ. ಅದು ಉಪ್ಪಿರಬಹುದೇ, ಕೋಳಿಯನ್ನು ಬೇಯಿಸುವ ಎಣ್ಣೆಯಿರಬಹುದೇ, ಅಥವಾ ಪಾಕಶಾಸ್ತ್ರ ಇನ್ನೂ ಹೆಸರಿಡದ ಯಾವುದಾದರೂ ವ್ಯಂಜನವಿರಬಹುದೇ? ಬ್ರೊಕೊಲಿಯ 'ಒಂದು ತುಂಡು' ಎಂದರೆ ಇಡೀ ಹೂಗೊಂಚಲೋ ಅದರಿಂದ ಮುರಿದ ಒಂದು ಟಿಸಿಲೋ ಎಂಬುದನ್ನೂ ಇಲಾಖೆ ಸ್ಪಷ್ಟಪಡಿಸಬೇಕಿತ್ತು. ರೊಟ್ಟಿಯ ವಿಷಯಕ್ಕೆ ಬಂದರೆ, ಉತ್ತರ ಕರ್ನಾಟಕದ ಓದುಗರು 'ಒಂದು' ಎಂಬ ಸಂಖ್ಯೆಯನ್ನು ಓದಿದ ಕೂಡಲೇ ಪುಟ ಮಗುಚಿರುತ್ತಾರೆ. ಅವರನ್ನು ಮರಳಿ ಕರೆತರುವ ಸಾಮರ್ಥ್ಯ ನನಗಿಲ್ಲ.

ಮೂರು ಡಾಲರಿನ ಲೆಕ್ಕವನ್ನು ಸಚಿವೆಯ ಮಾತಿನಂತೆಯೇ ಒಪ್ಪಿಕೊಂಡು ಮುಂದುವರಿಸೋಣ. ದಿನಕ್ಕೆ ಮೂರು ಊಟ, ತಿಂಗಳಿಗೆ 30 ದಿನ, ಅಂದರೆ ತಲೆಗೆ 270 ಡಾಲರ್. ಅಪ್ಪ, ಅಮ್ಮ, ಎರಡು ಮಕ್ಕಳ ಸಂಸಾರಕ್ಕೆ 1,080 ಡಾಲರ್. ಆದಾಯವೇ ಇಲ್ಲದ ಇಂಥ ಸಂಸಾರಕ್ಕೆ ಇದೇ ಕೃಷಿ ಇಲಾಖೆ ಬಡವರಿಗೆ ಆಹಾರ ಕೊಳ್ಳಲು ನೆರವಾಗುವ ಸ್ನ್ಯಾಪ್ ಯೋಜನೆಯಡಿ, ಹಳಬರ ಮಾತಿನಲ್ಲಿ ಫುಡ್ ಸ್ಟ್ಯಾಂಪ್‌ನಡಿ, 2026ರ ಹಣಕಾಸು ವರ್ಷಕ್ಕೆ ಗೊತ್ತುಮಾಡಿದ ಗರಿಷ್ಠ ಮೊತ್ತ ತಿಂಗಳಿಗೆ 994 ಡಾಲರ್. ಹಾಗಾದರೆ ಇಲಾಖೆಯ ಕಂಪ್ಯೂಟರಿಗೂ ಇಲಾಖೆಯ ಖಜಾನೆಗೂ ಮಾತುಕತೆ ನಿಂತುಹೋಗಿದೆ ಎಂದಾಯಿತು. ಗರಿಷ್ಠ ಮೊತ್ತ ಎಲ್ಲರಿಗೂ ಸಿಗುವುದೂ ಇಲ್ಲ. 2024ರ ಸರಾಸರಿ ನೋಡಿದರೆ ತಲೆಗೆ ತಿಂಗಳಿಗೆ ದಕ್ಕಿದ್ದು ಸುಮಾರು 187 ಡಾಲರ್, ಅಂದರೆ ಹೊತ್ತಿಗೆ ಎರಡು ಡಾಲರಿನ ಆಸುಪಾಸು. ಉಳಿದದ್ದನ್ನು ಬಡವನು ತನ್ನ ಗಳಿಕೆಯಿಂದ ತುಂಬಿಕೊಳ್ಳಬೇಕೆಂಬುದು ಯೋಜನೆಯ ಆಶಯ. ಒಂಟಿ ಜೀವಕ್ಕೆ ಮಾತ್ರ ಗರಿಷ್ಠ 298 ಡಾಲರ್ ಸಿಕ್ಕಿದರೆ ಸಚಿವೆಯ ಊಟ ಪೂರೈಸಿ ಮೇಲೆ 28 ಡಾಲರ್ ಉಳಿಯುತ್ತದೆ. ಬ್ರಹ್ಮಚರ್ಯದ ಮಹಿಮೆಯನ್ನು ಇಷ್ಟು ಖಚಿತವಾಗಿ ಡಾಲರುಗಳಲ್ಲಿ ಹೇಳಿದ ಸರ್ಕಾರ ಇನ್ನೊಂದಿರಲಾರದು.

ಈ ತಟ್ಟೆಯನ್ನು ಇಟ್ಟು ನೋಡಲು ತಕ್ಕ ಜಾಗವೆಂದರೆ ವೆಸ್ಟ್ ವರ್ಜೀನಿಯಾ ರಾಜ್ಯದ ದಕ್ಷಿಣ ತುದಿಯ ಮೆಕ್‌ಡವೆಲ್ ಕೌಂಟಿ, ನಮ್ಮ ಮಾತಿನಲ್ಲಿ ಜಿಲ್ಲೆ. ಫುಡ್ ಸ್ಟ್ಯಾಂಪ್ ಈಗಿನ ರೂಪದಲ್ಲಿ ಕಣ್ಣು ಬಿಟ್ಟದ್ದೇ ಅಲ್ಲಿ. 1960ರ ಚುನಾವಣೆಯ ಹೊತ್ತಿನಲ್ಲಿ ಆ ಕಣಿವೆಗಳ ಹಸಿವನ್ನು ಕಂಡಿದ್ದ ಜಾನ್ ಕೆನಡಿ ಅಧ್ಯಕ್ಷರಾದ ಮೇಲೆ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದರು. 1961ರ ಮೇ 29ರಂದು ಅವರ ಕೃಷಿ ಸಚಿವ ಆರ್ವಿಲ್ ಫ್ರೀಮನ್ ಕೌಂಟಿಯ ಕೇಂದ್ರವಾದ ವೆಲ್ಚ್ ಪಟ್ಟಣಕ್ಕೆ ಖುದ್ದಾಗಿ ಬಂದು, 13 ಮಕ್ಕಳ ತಂದೆಯಾಗಿದ್ದ ನಿರುದ್ಯೋಗಿ ಗಣಿ ಕಾರ್ಮಿಕನೊಬ್ಬನ ಕೈಗೆ 95 ಡಾಲರಿನ ಸ್ಟ್ಯಾಂಪುಗಳನ್ನು ಇಟ್ಟರು. ಆ ಕಾಲದ ಕೃಷಿ ಸಚಿವರು ಬೆಟ್ಟಗುಡ್ಡ ದಾಟಿ ಅಲ್ಲಿಯವರೆಗೆ ಹೋಗಬೇಕಾಗಿತ್ತು; ಈಗ ಸಿಮ್ಯುಲೇಶನ್ ಇರುವುದರಿಂದ ಪ್ರಯಾಣ ಭತ್ಯೆಯೂ ಉಳಿತಾಯ. ದೇಶದಲ್ಲೇ ಅತಿ ಹೆಚ್ಚು ಕಲ್ಲಿದ್ದಲು ತೆಗೆದ ಕೌಂಟಿಯೆಂಬ ಖ್ಯಾತಿ ಒಂದು ಕಾಲಕ್ಕೆ ಮೆಕ್‌ಡವೆಲ್‌ಗಿತ್ತು. 1950ರಲ್ಲಿ ಅಲ್ಲಿ ಸುಮಾರು 99,000 ಜನರಿದ್ದರು, 2020ರ ಜನಗಣತಿಯಲ್ಲಿ ಸಿಕ್ಕವರು 19,111. ಮೊದಲು ಯಂತ್ರಗಳು ಬಂದವು, ಆಮೇಲೆ ಗಣಿಗಳು ಮುಚ್ಚಿದವು, ಗಣಿ ನಡೆಸುತ್ತಿದ್ದ ಉಕ್ಕಿನ ಕಂಪನಿ ಗಂಟುಮೂಟೆ ಕಟ್ಟಿತು. ಉಳಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಬಡತನದ ರೇಖೆಯ ಕೆಳಗಿದ್ದಾರೆ.

ಇಂಥ ಕೌಂಟಿಗಳ ಬಗ್ಗೆ ನಗರದ ಪಂಡಿತರದು ಒಂದು ಜನಪ್ರಿಯ ಸಿದ್ಧಾಂತವಿದೆ: ಹಳ್ಳಿಗಾಡಿನಲ್ಲಿ ಬದುಕು ಅಗ್ಗ. ಮನೆಗಳ ಮಟ್ಟಿಗೆ ಅದು ನಿಜವೇ. ಮೆಕ್‌ಡವೆಲ್‌ನ ಮನೆಗಳು ಅಮೆರಿಕದಲ್ಲೇ ಅತ್ಯಂತ ಅಗ್ಗದವುಗಳ ಸಾಲಿಗೆ ಸೇರುತ್ತವೆ, ಏಕೆಂದರೆ ಅವುಗಳನ್ನು ಕೊಳ್ಳುವವರಿಲ್ಲ, ಕೊಂಡವನಿಗೆ ಅಲ್ಲಿ ಕೆಲಸವಿಲ್ಲ. ಆದರೆ ಮನೆಯನ್ನು ಬೇಯಿಸಿ ತಿನ್ನಲಾಗುವುದಿಲ್ಲವಷ್ಟೆ. ಕಿಂಬಲ್ ಎಂಬ ಪುಟ್ಟ ಊರಿನಲ್ಲಿ ವಾಲ್‌ಮಾರ್ಟ್ ಒಂದಿತ್ತು. ಸಣ್ಣ ದಿನಸಿ ಅಂಗಡಿಗಳನ್ನು ನುಂಗುತ್ತದೆಂದು ಊರೂರುಗಳಲ್ಲಿ ಬೈಸಿಕೊಂಡ ಆ ಕಂಪನಿ, 2016ರ ಜನವರಿಯಲ್ಲಿ ಜಗತ್ತಿನಾದ್ಯಂತ 269 ಅಂಗಡಿಗಳನ್ನು ಒಂದೇ ಏಟಿಗೆ ಮುಚ್ಚುವ ಪಟ್ಟಿಯಲ್ಲಿ ಕಿಂಬಲ್‌ನ ಹೆಸರನ್ನೂ ಸೇರಿಸಿತು. ಕೆಲಸ ಕಳೆದುಕೊಂಡವರು ಒಂದು ಕಡೆಯಾದರೆ, ಮಾರಾಟವಾಗದೆ ಉಳಿದ ಆಹಾರವನ್ನು ಆ ಅಂಗಡಿಯಿಂದ ಪಡೆದು ಬಡವರಿಗೆ ಪುಕ್ಕಟೆ ಹಂಚುತ್ತಿದ್ದ ಊರಿನ ಫುಡ್ ಬ್ಯಾಂಕು ಇನ್ನೊಂದು ಕಡೆ ಕೈಚೆಲ್ಲಿ ಕುಳಿತಿತು. ಅಂದಿನಿಂದ ದೊಡ್ಡ ಅಂಗಡಿ ಬೇಕೆಂದರೆ ಅಂಕುಡೊಂಕಿನ ಘಾಟಿ ರಸ್ತೆಯಲ್ಲಿ ಪಕ್ಕದ ಕೌಂಟಿಗೆ ಕಾರು ಓಡಿಸಬೇಕು. ನೆರವಿನ ಹಣ ಬರುವ ಸ್ನ್ಯಾಪ್ ಕಾರ್ಡಿನಿಂದ ಪೆಟ್ರೋಲ್ ತುಂಬಿಸುವಂತಿಲ್ಲ. ಬಹುಶಃ ಆ 'ಇನ್ನೊಂದು ಏನೋ' ಪೆಟ್ರೋಲೇ ಇರಬೇಕು. ಒಂದು ತುಂಡು ಬ್ರೊಕೊಲಿಯನ್ನು ಮನೆಗೆ ತರುವ ಖರ್ಚು ಆ ತುಂಡಿನ ಬೆಲೆಯನ್ನು ಎಷ್ಟು ಪಟ್ಟು ಮೀರುತ್ತದೆಂಬ ಸಿಮ್ಯುಲೇಶನ್ ಸಾವಿರದಲ್ಲಿ ಒಂದಾದರೂ ನಡೆದಿದ್ದರೆ ಚೆನ್ನಾಗಿತ್ತು. ಇಷ್ಟು ದೂರ ಬೇಡವೆಂದರೆ ಹತ್ತಿರದಲ್ಲಿ ಡಾಲರ್ ಹೆಸರಿನ ಸರಣಿ ಅಂಗಡಿಗಳುಂಟು. ಅವುಗಳಲ್ಲಿ ಡಾಲರು ಉಳಿದಿರುವುದು ಮುಖ್ಯವಾಗಿ ನಾಮಫಲಕದ ಮೇಲೆ. ಒಳಗೆ ಸಣ್ಣ ಸಣ್ಣ ಪೊಟ್ಟಣಗಳು, ತೂಕಕ್ಕೆ ಹೋಲಿಸಿದರೆ ಹೆಚ್ಚಿನ ಬೆಲೆ, ತಾಜಾ ತರಕಾರಿ ಇದ್ದರೆ ಅದೃಷ್ಟ.

ಕೋಳಿಯ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಅಮೆರಿಕದ ಆಡಳಿತಶಾಸ್ತ್ರದ ಸೊಬಗೆಲ್ಲ ಆ ಒಂದು ತುಂಡಿನಲ್ಲಿ ಅಡಗಿದೆ. ಸ್ನ್ಯಾಪ್ ಕಾರ್ಡಿನಿಂದ ಹಸಿ ಕೋಳಿ ಕೊಳ್ಳಬಹುದು. ಸುಟ್ಟ ಕೋಳಿಯನ್ನೂ ಕೊಳ್ಳಬಹುದು, ಆದರೆ ಅದು ತಣ್ಣಗಾಗಿರಬೇಕು. ಬಿಸಿ ಆಹಾರವನ್ನು ಈ ಕಾರ್ಡಿಗೆ ಕೊಡಕೂಡದೆಂಬುದು ಕಾನೂನು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ದೀಪದ ಕೆಳಗೆ ಹಬೆಯಾಡುತ್ತಿರುವ ಕೋಳಿ ಬಡವನ ಪಾಲಿಗೆ ನಿಷಿದ್ಧ. ಅದೇ ಕೋಳಿಯನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಮಾರಿದರೆ ಶಾಸ್ತ್ರಸಮ್ಮತ. ಪಾಳಿ ಮುಗಿಸಿ ರಾತ್ರಿ ಬಂದವಳು, ಒಲೆ ಕೆಟ್ಟವನು, ಬಾಡಿಗೆ ಕೋಣೆಯಲ್ಲಿ ಅಡುಗೆಯ ಅನುಕೂಲವಿಲ್ಲದ ಮುದುಕ, ಇವರೆಲ್ಲ ಕೋಳಿ ಆರುವವರೆಗೆ ಕಾದು ಕುಳಿತುಕೊಳ್ಳಬೇಕು. ಮಡಿ ಮೈಲಿಗೆಯ ವಿಷಯದಲ್ಲಿ ನಾವೇ ಗಟ್ಟಿಗರೆಂದು ಬೀಗುತ್ತಿದ್ದ ನಮ್ಮವರು ವಾಷಿಂಗ್ಟನ್ನಿನವರಿಗೆ ಸಾಷ್ಟಾಂಗ ಬೀಳಬೇಕಾದ ಸಂದರ್ಭವಿದು. ಅಂಗಡಿಯ ಗೊಡವೆಯೇ ಬೇಡ, ಮನೆಯಲ್ಲೇ ಕೋಳಿ ಸಾಕಿಕೊಳ್ಳೋಣವೆಂದರೆ ಆ ಸಲಹೆಯನ್ನೂ ಇದೇ ಸಚಿವೆ ಹಿಂದೆಯೇ ದಯಪಾಲಿಸಿದ್ದಾರೆ. 2025ರ ಮಾರ್ಚ್‌ನಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ ಆರು ಡಾಲರ್ ದಾಟಿ ದಾಖಲೆ ಬರೆದಿದ್ದಾಗ, ಜನ ಹಿತ್ತಲಲ್ಲಿ ಕೋಳಿ ಸಾಕುವ ಯೋಚನೆ ಮಾಡುತ್ತಿದ್ದಾರೆ, ಅದು ಅದ್ಭುತ ಸಂಗತಿ ಎಂದು ಅವರು ಹರ್ಷಿಸಿದ್ದರು. ಹರ್ಷದ ನಡುವೆ ತಮ್ಮದೇ ಇಲಾಖೆಯ ನಿಯಮವೊಂದು ಅವರ ನೆನಪಿಗೆ ಬರಲಿಲ್ಲ: ಸ್ನ್ಯಾಪ್ ಕಾರ್ಡಿನಿಂದ ಜೀವಂತ ಕೋಳಿಯನ್ನು ಕೊಳ್ಳುವಂತಿಲ್ಲ. ಅಂದರೆ ಕೋಳಿಗೆ ಜೀವವೂ ಇರಕೂಡದು, ಬಿಸಿಯೂ ಇರಕೂಡದು. ತರಕಾರಿಯ ಬೀಜಕ್ಕೆ ಮಾತ್ರ ಅನುಮತಿಯಿದೆ, ಆದ್ದರಿಂದ ಬ್ರೊಕೊಲಿ ಬಿತ್ತಿ ಎರಡು ಮೂರು ತಿಂಗಳು ಉಪವಾಸವಿರಲು ಯಾವ ಅಡ್ಡಿಯೂ ಇಲ್ಲ.

ಇನ್ನು ಪಾನೀಯ. ಸಚಿವೆಯ ಮೂರು ಡಾಲರಿನಲ್ಲಿ ಅದು ಸೇರಿತ್ತೋ ಇಲ್ಲವೋ, ವೆಸ್ಟ್ ವರ್ಜೀನಿಯಾ ಮಾತ್ರ 2026ರ ಜನವರಿ 1ರಿಂದ ಸ್ನ್ಯಾಪ್ ಕಾರ್ಡಿನಲ್ಲಿ ಸೋಡಾ ಕೊಳ್ಳುವುದನ್ನು ನಿಷೇಧಿಸಿದೆ. ಸಕ್ಕರೆ ನೀರು ಕುಡಿದು ಹಲ್ಲು ಹಾಳುಮಾಡಿಕೊಂಡ ಬೆಟ್ಟಸೀಮೆಯ ಜನ ಇನ್ನು ಮುಂದೆ ಒಳ್ಳೆಯ ನೀರು ಕುಡಿಯಲಿ ಎಂಬುದು ಸದಾಶಯ. ಸೋಡಾ ಒಳ್ಳೆಯದೆಂದು ನಾನೂ ವಾದಿಸುವುದಿಲ್ಲ. ಆದರೆ ಆ ಒಳ್ಳೆಯ ನೀರು ಎಲ್ಲಿದೆ? ಮೆಕ್‌ಡವೆಲ್‌ನ ಎಷ್ಟೋ ಊರುಗಳ ನೀರಿನ ಕೊಳವೆಗಳನ್ನು ಹಾಕಿದ್ದು ಗಣಿ ಕಂಪನಿಗಳು, ಸುಮಾರು ನೂರು ವರ್ಷದ ಹಿಂದೆ, ತಮ್ಮ ಕಾರ್ಮಿಕರ ಕಾಲೊನಿಗಳಿಗಾಗಿ. ಕಲ್ಲಿದ್ದಲನ್ನು ಕಂಪನಿಗಳು ಕೊಂಡುಹೋದವು, ತುಕ್ಕನ್ನು ಬಿಟ್ಟುಹೋದವು. ನಲ್ಲಿಯಲ್ಲಿ ಬಣ್ಣದ ನೀರು ಬರುತ್ತದೆ, ಬಿಳಿ ಬಟ್ಟೆ ಒಗೆದರೆ ಕಂದಾಗುತ್ತದೆ, ಜನ ರಸ್ತೆಬದಿಯ ಊಟೆಗಳಲ್ಲೂ ಹಳೆಯ ಗಣಿಗಳಿಂದ ಹರಿದುಬರುವ ಪೈಪುಗಳಲ್ಲೂ ಕ್ಯಾನುಗಳನ್ನು ತುಂಬಿಸಿಕೊಳ್ಳುತ್ತಾರೆ, ಇಲ್ಲವೇ ಊಟದ ದುಡ್ಡಿನಲ್ಲಿ ಬಾಟಲಿ ನೀರು ಕೊಳ್ಳುತ್ತಾರೆ. 2025ರ ಫೆಬ್ರವರಿಯ ಪ್ರವಾಹ ಇದ್ದ ವ್ಯವಸ್ಥೆಯನ್ನೂ ಕೆಡಿಸಿತು. ಇಲ್ಲಿ ಹಾಸ್ಯ ಮಾಡಲು ನನಗೆ ಮನಸ್ಸಾಗುತ್ತಿಲ್ಲ. ಒಂದು ದೇಶದ ಉಕ್ಕಿನ ಕುಲುಮೆಗಳನ್ನೆಲ್ಲ ಉರಿಸಿದ ನೆಲಕ್ಕೆ ಆ ದೇಶ ಇಷ್ಟು ದಶಕಗಳಲ್ಲಿ ಒಂದು ಲೋಟ ತಿಳಿನೀರು ಕೊಡಲಿಲ್ಲ, ಬದಲಿಗೆ ಏನು ಕುಡಿಯಬಾರದೆಂದು ಹೇಳಲು ಮಾತ್ರ ತಪ್ಪದೆ ಬಂದಿತು. ಇದನ್ನು ನೀತಿ ಎನ್ನಬಾರದು, ನಾಚಿಕೆಗೇಡು ಎನ್ನಬೇಕು. ಆ ಕೌಂಟಿ ಅಧ್ಯಕ್ಷ ಟ್ರಂಪ್ ಅವರಿಗೇ ಮತ ಹಾಕಿತೆಂಬುದನ್ನು ನೆನಪಿಸಿ 'ಅನುಭವಿಸಲಿ' ಎಂದು ನಗುವವರೂ ಇದ್ದಾರೆ. ತಪ್ಪು ಮತಕ್ಕೆ ಬಾಯಾರಿಕೆಯ ಶಿಕ್ಷೆಯೆಂದು ಯಾವ ಸಂವಿಧಾನದಲ್ಲೂ ಬರೆದಿಲ್ಲ.

ವಿದ್ಯುತ್ತಿನ ಕತೆಯೂ ಇದೇ ಧಾಟಿಯದು. ರಾಜ್ಯದ ವಿದ್ಯುತ್ತಿನಲ್ಲಿ ಬಹುಪಾಲು ಈಗಲೂ ಕಲ್ಲಿದ್ದಲಿನಿಂದಲೇ ಹುಟ್ಟುತ್ತದೆ, ಮತ್ತು ಕಲ್ಲಿದ್ದಲು ಅಗೆದವರ ಮಕ್ಕಳು ಚಳಿಗಾಲದ ಕರೆಂಟ್ ಬಿಲ್ಲು ಕಟ್ಟಲಾಗದೆ ಒದ್ದಾಡುತ್ತಾರೆ.

ಅಧ್ಯಕ್ಷ ಟ್ರಂಪ್ ಅವರ ದೃಷ್ಟಿಯಲ್ಲಿ ಬೆಲೆಯೇರಿಕೆಯ ಈ ಗೋಳಾಟವೇ ವಿರೋಧ ಪಕ್ಷದವರು ಹೂಡಿದ ವಂಚನೆ. ಹಿಂದೊಮ್ಮೆ ಅವರು ಮಕ್ಕಳಿಗೆ 30 ಗೊಂಬೆಗಳ ಬದಲು ಎರಡು ಸಾಕೆಂದಿದ್ದರು. ಮಗಳಿಗೆ 30 ಗೊಂಬೆ ಕೊಡಿಸುವ ಮನೆಗಳನ್ನು ಮೆಕ್‌ಡವೆಲ್‌ನಲ್ಲಿ ಹುಡುಕಿಕೊಟ್ಟವರಿಗೆ ಬಹುಮಾನ ಘೋಷಿಸಬಹುದು. 2025ರ ನವೆಂಬರ್ 1ರಂದು, ಬಜೆಟ್ಟಿಗೆ ಒಪ್ಪಿಗೆ ಸಿಗದೆ ಸರ್ಕಾರದ ಕೆಲಸ ಸ್ಥಗಿತಗೊಂಡ ಕಾರಣಕ್ಕೆ ಸುಮಾರು 4 ಕೋಟಿ 20 ಲಕ್ಷ ಜನರ ಸ್ನ್ಯಾಪ್ ಹಣ ನಿಂತುಹೋಯಿತು. ಅದರ ಹಿಂದಿನ ರಾತ್ರಿ ಫ್ಲೋರಿಡಾದ ಅಧ್ಯಕ್ಷರ ನಿವಾಸದಲ್ಲಿ ಅದ್ದೂರಿ ಹ್ಯಾಲೋವೀನ್ ಔತಣ ನಡೆದಿತ್ತು. ಆಮೇಲೆ ಆ ಹಣವನ್ನು ಪೂರ್ತಿ ಕೊಡಿರೆಂದು ನ್ಯಾಯಾಲಯ ಆದೇಶಿಸಿದಾಗ, ಕೊಡದಿರಲು ಅವಕಾಶ ಬೇಡಿ ಸರ್ಕಾರ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಿತು. ಇದಕ್ಕೆಲ್ಲ ಮುಂಚೆಯೇ, ಸೆಪ್ಟೆಂಬರಿನಲ್ಲಿ, ಕೃಷಿ ಇಲಾಖೆ ಇನ್ನೂ ದೂರದೃಷ್ಟಿಯ ಕೆಲಸವೊಂದನ್ನು ಮಾಡಿ ಮುಗಿಸಿತ್ತು. ಎಷ್ಟು ಮನೆಗಳಲ್ಲಿ ಊಟಕ್ಕೆ ತತ್ವಾರವಿದೆಯೆಂದು ಸುಮಾರು 30 ವರ್ಷಗಳಿಂದ ಪ್ರತಿವರ್ಷ ಎಣಿಸುತ್ತಿದ್ದ ಸಮೀಕ್ಷೆಯನ್ನು, ಅದು ಜನರಲ್ಲಿ ಸುಮ್ಮನೆ ಭೀತಿ ಹುಟ್ಟಿಸುತ್ತದೆಂಬ ಕಾರಣ ಕೊಟ್ಟು ನಿಲ್ಲಿಸಿಬಿಟ್ಟಿತು. ಜ್ವರಮಾಪಕವನ್ನು ಒಡೆದು ಜ್ವರ ಇಳಿಸುವ ಈ ವೈದ್ಯಪದ್ಧತಿಗೆ ಯಾವ ಅಡ್ಡಪರಿಣಾಮವೂ ಇಲ್ಲ, ರೋಗಿಯೊಬ್ಬನನ್ನು ಬಿಟ್ಟರೆ.

ಉಳಿದದ್ದು ಸೋಮಾರಿಗಳ ಸಮಸ್ಯೆ. 2025ರ ಜುಲೈ 4ರಂದು ಅಧ್ಯಕ್ಷರು ಸಹಿ ಹಾಕಿದ, ಅವರೇ 'ಸುಂದರ'ವೆಂದು ಹೆಸರಿಟ್ಟ ಮಸೂದೆ ಅದನ್ನೂ ಬಗೆಹರಿಸಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲದ, ದುಡಿಯುವ ಸಾಮರ್ಥ್ಯವಿರುವವರು ತಿಂಗಳಿಗೆ 80 ಗಂಟೆ ಕೆಲಸ ಮಾಡಿದ್ದಕ್ಕೆ ಪುರಾವೆ ತೋರಿಸದಿದ್ದರೆ ಮೂರು ವರ್ಷಗಳಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಸ್ನ್ಯಾಪ್ ಸಿಗದು ಎಂಬ ನಿಯಮ ಮೊದಲು 54 ವರ್ಷದವರೆಗಿನವರಿಗಿತ್ತು, ಈಗ 64ರವರೆಗೆ ವಿಸ್ತರಿಸಿದೆ. ಕೆಲಸವೇ ಇಲ್ಲದ ಪ್ರದೇಶಗಳಿಗೆ ಕೊಡುತ್ತಿದ್ದ ವಿನಾಯಿತಿಯನ್ನೂ ಬಿಗಿಗೊಳಿಸಿ, ನಿರುದ್ಯೋಗ ಶೇ 10ನ್ನು ದಾಟಿದ್ದರೆ ಮಾತ್ರ ಎಂದು ಗೆರೆ ಎಳೆಯಲಾಗಿದೆ. ಕೆಲಸ ಹುಡುಕಿ ಹುಡುಕಿ ಬೇಸತ್ತು ಹುಡುಕುವುದನ್ನೇ ಬಿಟ್ಟವರು ನಿರುದ್ಯೋಗಿಗಳ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಆ ಗೆರೆಯನ್ನು ಮುಟ್ಟುವುದಕ್ಕೂ ಯೋಗ ಬೇಕು. ಗಣಿ ಮುಚ್ಚಿದ ಊರಿನಲ್ಲಿ, ವಾಲ್‌ಮಾರ್ಟ್ ಮುಚ್ಚಿದ ಊರಿನಲ್ಲಿ, 62 ವರ್ಷದ ಮನುಷ್ಯ 80 ಗಂಟೆಯ ಕೆಲಸವನ್ನು ಎಲ್ಲಿಂದ ತರಬೇಕು? ಕಾನೂನು ಅಷ್ಟು ನಿರ್ದಯಿಯಲ್ಲ, ಸಂಬಳವಿಲ್ಲದ ಸ್ವಯಂಸೇವೆಯನ್ನೂ ಅದು ಕೆಲಸವೆಂದೇ ಎಣಿಸುತ್ತದೆ. ಆದ್ದರಿಂದ ಆತ ಊರಿನ ಫುಡ್ ಬ್ಯಾಂಕಿಗೆ ಹೋಗಿ, ತಿಂಗಳಿಗೆ 80 ಗಂಟೆ ನಿಂತು, ತನ್ನಂತೆಯೇ ಹಸಿದು ಬಂದವರಿಗೆ ಆಹಾರದ ಪೊಟ್ಟಣಗಳನ್ನು ಹಂಚಿ, ಹಂಚಿದ್ದಕ್ಕೆ ಪತ್ರ ಬರೆಸಿಕೊಂಡು ಕಚೇರಿಗೆ ಒಪ್ಪಿಸಿದರೆ, ತಾನೂ ಆಹಾರ ಪಡೆಯಲು ಅರ್ಹನಾಗುತ್ತಾನೆ. ಆದರೆ ಶಾಲೆಗಳಿಗೂ ಫುಡ್ ಬ್ಯಾಂಕುಗಳಿಗೂ ಸ್ಥಳೀಯ ರೈತರಿಂದ ಆಹಾರ ಕೊಳ್ಳಲು ಮೀಸಲಾಗಿದ್ದ ಸುಮಾರು 100 ಕೋಟಿ ಡಾಲರನ್ನು ಕೃಷಿ ಇಲಾಖೆ 2025ರಲ್ಲಿಯೇ ರದ್ದು ಮಾಡಿರುವುದರಿಂದ, ಆ 80 ಗಂಟೆಗಳಲ್ಲಿ ಆತ ಏನನ್ನು ಹಂಚಬೇಕು ಎಂಬುದನ್ನು ಇಲಾಖೆ ಇನ್ನೂ ತಿಳಿಸಬೇಕಾಗಿದೆ.