ಹೆಣ್ಣೆಂದು ಹೇಳಿಕೊಂಡರೆ ಸಾಕೇ? ಮಹಿಳಾ ಸ್ಪರ್ಧೆಗಳ ಅರ್ಹತೆಯ ಸತ್ಯಾಂಶ

ಯಾವ ಗಂಡಸಾದರೂ ತಾನು ಹೆಣ್ಣೆಂದು ಹೇಳಿಕೊಂಡರೆ ಒಲಿಂಪಿಕ್ಸ್‌ನ ಮಹಿಳಾ ವಿಭಾಗದಲ್ಲಿ ಓಡಬಹುದು ಎಂಬರ್ಥದ ಸಂದೇಶ ಆಗಾಗ ಬರುತ್ತಿರುತ್ತದೆ. ಇದು ಸರಿಯಲ್ಲ. ಟ್ರಾನ್ಸ್ ಮಹಿಳೆಯರಿಗೆ (ಹುಟ್ಟಿದಾಗ ಗಂಡೆಂದು ಗುರುತಿಸಲ್ಪಟ್ಟು, ತಮ್ಮನ್ನು ಹೆಣ್ಣೆಂದು ಗುರುತಿಸಿಕೊಳ್ಳುವವರಿಗೆ) ಒಲಿಂಪಿಕ್ಸ್ ಬಾಗಿಲು ತೆರೆದ 2004ರಲ್ಲೇ ಶಸ್ತ್ರಚಿಕಿತ್ಸೆ, ಹಾರ್ಮೋನ್ ಚಿಕಿತ್ಸೆ, ಕಾನೂನಿನ ಮಾನ್ಯತೆ ಮೂರೂ ಕಡ್ಡಾಯವಾಗಿದ್ದವು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ 2015ರ ಮಾರ್ಗಸೂಚಿ ಶಸ್ತ್ರಚಿಕಿತ್ಸೆಯನ್ನು ಕೈಬಿಟ್ಟು, ಕನಿಷ್ಠ 12 ತಿಂಗಳು ರಕ್ತದಲ್ಲಿ ಟೆಸ್ಟೋಸ್ಟೆರಾನ್ (ಗಂಡಸರಲ್ಲಿ ಹೆಚ್ಚಾಗಿರುವ ಹಾರ್ಮೋನ್) ಲೀಟರಿಗೆ 10 ನ್ಯಾನೊಮೋಲ್‌ಗಿಂತ ಕೆಳಗಿರಬೇಕೆಂದಿತು. ಮುಂದೆ ನಿಯಮ ಬಿಗಿಯಾಯಿತು: ಅಂತರರಾಷ್ಟ್ರೀಯ ಈಜಿನಲ್ಲಿ 2022ರಿಂದ, ಅಥ್ಲೆಟಿಕ್ಸ್‌ನಲ್ಲಿ 2023ರಿಂದ, ಗಂಡು ಪ್ರೌಢಾವಸ್ಥೆ ದಾಟಿದವರಿಗೆ ಮಹಿಳಾ ವಿಭಾಗದಲ್ಲಿ ಅವಕಾಶವಿಲ್ಲ.

ಹಾಗೆಂದು ಹಂಚಿಕೊಳ್ಳುವವರ ಆತಂಕಕ್ಕೆ ಆಧಾರವೇ ಇಲ್ಲವೆನ್ನಲಾಗದು. ಟೆಸ್ಟೋಸ್ಟೆರಾನ್ ತಗ್ಗಿಸಿದಾಗ ರಕ್ತದಲ್ಲಿ ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್ ಮೂರು-ನಾಲ್ಕು ತಿಂಗಳಲ್ಲಿ ಇಳಿಯುತ್ತದೆ, ಆದರೆ ಸ್ನಾಯುಬಲ ವರ್ಷ ಕಳೆದರೂ ಸ್ವಲ್ಪವೇ ಕುಗ್ಗುತ್ತದೆ, ಎತ್ತರವಂತೂ ಬದಲಾಗದು. ತರಬೇತಿ ಪಡೆದ ಟ್ರಾನ್ಸ್ ಕ್ರೀಡಾಪಟುಗಳ ಮೇಲಿನ ಅಧ್ಯಯನಗಳು ಮಾತ್ರ ಇನ್ನೂ ಕಡಿಮೆ. ನಮ್ಮ ಮಟ್ಟಿಗೆ, ಚರ್ಚೆ ನಡೆಯಬೇಕಾದದ್ದು ಇದೇ ವಿಷಯದ ಮೇಲೆ.

ಇಂಥ ಸಂದೇಶ ಬಂದರೆ ಮೊದಲು ಯಾವ ಕ್ರೀಡೆ, ಯಾವ ಮಟ್ಟ, ಯಾವ ವರ್ಷ ಎಂದು ನೋಡಿ. ಸ್ಥಳೀಯ ಪಂದ್ಯದ ನಿಯಮವೇ ಬೇರೆ, ವಿಶ್ವಮಟ್ಟದ್ದೇ ಬೇರೆ. ಆ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟದ ಜಾಲತಾಣದಲ್ಲಿ ಅರ್ಹತಾ ನಿಯಮಾವಳಿ ತೆರೆದು, ಜಾರಿಗೆ ಬಂದ ದಿನಾಂಕ ಓದಿ. ಸಂದೇಶದಲ್ಲಿ ಚಿತ್ರವಿದ್ದರೆ, ಅದನ್ನು ಇಮೇಜ್ ಸರ್ಚ್‌ಗೆ ಹಾಕಿದರೆ ಅದು ಮೊದಲು ಎಲ್ಲಿ, ಯಾವಾಗ ಪ್ರಕಟವಾಯಿತೆಂದು ಬಹುಪಾಲು ತಿಳಿಯುತ್ತದೆ. ಹುಟ್ಟಿನಿಂದ ಹೆಣ್ಣಾಗಿಯೇ ಬೆಳೆದು, ಲೈಂಗಿಕ ಬೆಳವಣಿಗೆಯಲ್ಲಿ ಸಹಜ ವ್ಯತ್ಯಾಸವಿರುವ ಕ್ರೀಡಾಪಟುಗಳನ್ನೂ ಈ ಸಂದೇಶಗಳು ಟ್ರಾನ್ಸ್ ಎಂದು ಕರೆಯುವುದುಂಟು. ಅವರಿಗೆ ಅನ್ವಯಿಸುವ ನಿಯಮಗಳು ಕ್ರೀಡೆಯಿಂದ ಕ್ರೀಡೆಗೆ ಬೇರೆಯಾಗಿರಬಹುದು.