ಬರೀ ಅಲಂಕಾರ ಅಲ್ಲ
ಕಲಾ ಮ್ಯೂಸಿಯಂಗಳಲ್ಲಿ ನಡೆಯುವ ಸಂಗೀತ ಕಛೇರಿ ಬರೀ ಅಲಂಕಾರ, ಅದರಿಂದ ಸಂಗೀತಕ್ಕೇನೂ ಲಾಭವಿಲ್ಲ ಎಂದು ಬರೆದಿದ್ದೀರಿ. ಒಪ್ಪಲಾರೆ ಸಾರ್. ಅಮೆರಿಕದ ಸಂಗೀತ ರಚನಕಾರ ಸ್ಯಾಮ್ಯುಯೆಲ್ ಬಾರ್ಬರ್ ಅವರ ‘ಸಮ್ಮರ್ ಮ್ಯೂಸಿಕ್’ ಮೊದಲು ಕೇಳಿಬಂದದ್ದೇ ಅಂಥ ಕಡೆ: 1956ರ ಮಾರ್ಚ್‌ನಲ್ಲಿ, ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್‌ನಲ್ಲಿ. ಐದು ಗಾಳಿವಾದ್ಯಗಳಿಗಾಗಿ ಬರೆದ ಕೃತಿ ಅದು: ಫ್ಲೂಟ್, ಓಬೋ, ಕ್ಲಾರಿನೆಟ್, ಬಸೂನ್, ಜೊತೆಗೆ ಹಾರ್ನ್ (ಉಳಿದ ನಾಲ್ಕು ಮರದ ಗಾಳಿವಾದ್ಯಗಳ ಗುಂಪಿನವು, ಇದು ಹಿತ್ತಾಳೆಯದು, ಆದರೂ ಈ ಐವರ ಗುಂಪಿಗೆ ಬೇಕೇ ಬೇಕು). ಕೃತಿ ಬರೆಸಲು ಆ ಊರಿನ ಸಂಗೀತಪ್ರಿಯರೇ ಚಂದಾ ಕೂಡಿಸಿದ್ದರು. ಕೈಯಿಂದ ದುಡ್ಡು ಹಾಕಿದವರನ್ನು ಸುಮ್ನೆ ಚಿತ್ರ ನೋಡಲು ಬಂದವರು ಅನ್ನೋಕಾಗುತ್ತಾ?

ಮ್ಯೂಸಿಯಂ ಹಾಲ್‌ಗಳಲ್ಲಿ ಪ್ರತಿಧ್ವನಿ ಜಾಸ್ತಿ ಎಂದು ನೀವು ಹೇಳಿದ್ದು ಮಾತ್ರ ಸರಿ. ಕಲ್ಲಿನ ದೊಡ್ಡ ಹಾಲ್‌ನಲ್ಲಿ ನಿಧಾನದ ಭಾಗಗಳು ಚೆನ್ನಾಗಿ ತುಂಬಿಕೊಳ್ಳುತ್ತವೆ. ವೇಗ ಜಾಸ್ತಿಯಾದರೆ ಬಸೂನ್ ಸ್ವರಗಳು ಕಲಸಿಹೋಗುತ್ತವೆ. ಮುಂದಿನ ಸಾಲಲ್ಲಿ ಕೂತರೆ ಅಷ್ಟು ತೊಂದರೆಯಿಲ್ಲ.